ಬಿಡು ಎಂದರೆ ಇಳಿಸು

ಕಂಬಿ ಕಟ್ಟುವವನಿಗೆ ಬೀಳದಂತೆ ತಡೆಯುವ ಬೆಲ್ಟ್ ಇತ್ತು. ಕೊಡಬೇಕಾದವರು ಕೊಟ್ಟಿದ್ದರು, ಅವನೂ ದಿನಾ ಬೆಳಿಗ್ಗೆ ಮರೆಯದೆ ಮೈಗೆ ಬಿಗಿದುಕೊಳ್ಳುತ್ತಿದ್ದ. ಆದರೆ ಅದರ ಕೊಕ್ಕೆಯನ್ನು ಕಟ್ಟಡಕ್ಕೆ ಸಿಕ್ಕಿಸಬೇಕು ಎಂಬ ಉಳಿದರ್ಧ ಅವನ ತಲೆಗೆ ಹತ್ತಿರಲಿಲ್ಲ. ಕೊಕ್ಕೆ ಅವನ ಬೆನ್ನ ಹಿಂದೆ ನೇತಾಡಿಕೊಂಡು ಇರುತ್ತಿತ್ತು. ಕೇಳಿದರೆ, "ಅದನ್ನ ಸಿಕ್ಕಿಸ್ಕೊಂಡ್ರೆ ಗೂಟಕ್ಕೆ ಕಟ್ಟಿದ ಕರು ಥರ ಅಷ್ಟರಲ್ಲೇ ಸುತ್ತಬೇಕು. ಕೆಲಸ ಯಾವಾಗ ಮಾಡೋದು?" ಎನ್ನುತ್ತಿದ್ದ. ಇಡೀ ನಗರದಲ್ಲೇ ಎತ್ತರವಾಗಲಿರುವ ಕಟ್ಟಡದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಆಡುವ ಮಾತು ಇದು! ಅದೇ ಕಟ್ಟಡದಲ್ಲಿ ಅವನ ಹೆಂಡತಿಗೂ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಆ ಕೊಕ್ಕೆ ಅವಳ ಕಣ್ಣ ಮುಂದೆಯೇ ಇರುತ್ತಿತ್ತು. ಇದು ಅವಳ ಕತೆ.

ಅವಳನ್ನು ಎಲ್ಲರೂ ಸಿಗ್ನಲಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ತವರಿನಲ್ಲೇ ಉಳಿದುಕೊಂಡಿತ್ತು. ದೇವರು ಅವಳಿಗೆ ರೂಪ ಕೊಡುವಾಗ ಕೈ ಬಿಗಿಹಿಡಿದಿದ್ದರೂ ಗಂಟಲು ಕೊಡುವಾಗ ಧಾರಾಳಿಯಾಗಿದ್ದ. ಗುಟ್ಟು ಹೇಳಿದರೂ ಪಕ್ಕದ ಮನೆಯವರು ಹೂಂಗುಟ್ಟಬೇಕು, ಅಂಥ ದನಿ. "ಮೆಲ್ಲಗೆ ಮಾತಾಡೇ" ಎಂದು ಬೈಸಿಕೊಂಡೇ ಬೆಳೆದವಳು. ಆದರೆ ದನಿ ದೊಡ್ಡದಿದ್ದವರೆಲ್ಲ ಜಗಳಗಂಟಿಯರಾಗಿರಬೇಕೆಂದಿಲ್ಲ. ಅವಳ ಬಳಿ ಲೋಕದ ಎಲ್ಲ ಜಗಳಕ್ಕೂ ಒಂದೇ ಮದ್ದಿತ್ತು. ಹಾಲು ಒಡೆದರೆ "ಹೋಗ್ಲಿ ಬಿಡು". ಅತ್ತೆ ಕೊಂಕು ನುಡಿದರೆ "ಆಯ್ತು ಬಿಡಿ ಅತ್ತೆ". ಗಂಡ ಹೇಳಿದ ಹೊತ್ತಿಗೆ ಮನೆಗೆ ಬಾರದಿದ್ದರೆ "ಬಿಡ್ರೀ, ಕೈ ತೊಳ್ಕೊಳ್ಳಿ". ಹಿರಿಯರಿಗೆ ಬಿಡಿ, ಗಂಡನಿಗೆ ಬಿಡ್ರೀ, ಕಿರಿಯರಿಗೂ ದೇವರಿಗೂ ತನಗೂ ಬಿಡು. ಈ ಒಂದು ಮಾತಿನ ಮೇಲೆ ಅವಳ ಸಂಸಾರ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು. ಗಂಡ ಬೆಲ್ಟಿನ ಕೊಕ್ಕೆ ಸಿಕ್ಕಿಸುವುದಿಲ್ಲ ಎಂದು ಮೊದಲ ಸಲ ಗೊತ್ತಾದಾಗಲೂ ಎದೆ ಧಸಕ್ಕೆಂದಿತ್ತು, ಬಾಯಿ ಮಾತ್ರ "ನಿಮ್ಮಿಷ್ಟ, ಬಿಡ್ರೀ" ಎಂದಿತ್ತು.

ಕಟ್ಟಡಕ್ಕೆ ಇನ್ನೂ ಗುಂಡಿ ತೋಡುತ್ತಿದ್ದಾಗ ಅವಳು ಅಲ್ಲಿ ಮಣ್ಣು ಹೊರುತ್ತಿದ್ದಳು. ಆಮೇಲೆ ದೊಡ್ಡ ಕ್ರೇನು ಬಂದು ನಿಂತಿತು. ಅದರ ತುದಿಯ ಗೂಡಿನಲ್ಲಿ ಕೂರುವವನನ್ನು ಎಲ್ಲರೂ 'ಮೇಲಿನವನು' ಎಂದೇ ಕರೆಯುತ್ತಿದ್ದರು. ನಡುವಯಸ್ಸು ದಾಟಿದ, ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಸಂಜೆಗೇ. "ಎಲ್ಲಾ ಮೇಲಿನವನ ಕೈಲಿದೆ" ಎಂದು ಯಾರಾದರೂ ನಿಟ್ಟುಸಿರಿಟ್ಟರೆ, ಯಾವ ಮೇಲಿನವನು ಎಂದು ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಅವನಿಗೆ ಅಷ್ಟೆತ್ತರದಿಂದ ಎಲ್ಲವೂ ಕಾಣುತ್ತದೆ ಎಂದು ಜನ ತಿಳಿದಿದ್ದರು. ಗೋಡೆಯೊಂದು ಅಡ್ಡ ಬಂದರೆ ಅವನೂ ಕುರುಡನೇ. ಆಗ ಕೆಳಗಿನಿಂದ ಒಬ್ಬರು ವಾಕಿಟಾಕಿಯಲ್ಲಿ ಕಣ್ಣಾಗಬೇಕು. ಹಿಂದಿದ್ದ ಸಿಗ್ನಲಿನವನು ಸದಾ ಬಾಯಲ್ಲಿ ಏನಾದರೂ ಅಗಿಯುತ್ತಲೇ ಮಾತಾಡುತ್ತಿದ್ದ. ಒಂದು ದಿನ ಮೇಲಿನವನಿಗೆ ತಲೆ ಕೆಟ್ಟು, "ಆ ಮಣ್ಣು ಹೊರೋ ಹೆಂಗಸು ಚಹಾ ಬಂತು ಅಂತ ಕೂಗಿದ್ದು ವಾಕಿ ಇಲ್ಲದೇನೇ ನನಗೆ ಇಲ್ಲಿಗೆ ಕೇಳಿಸ್ತು. ಅವಳ ಕೈಗೆ ಕೊಡಿ" ಎಂದುಬಿಟ್ಟ. ಮಣ್ಣಿನ ಬುಟ್ಟಿ ಇಳಿಯಿತು, ಕೈಗೆ ವಾಕಿ ಬಂತು. ಇಷ್ಟು ವರ್ಷ ಬೈಸಿಕೊಂಡ ಗಂಟಲೇ ಕೊನೆಗೆ ಅನ್ನ ಕೊಟ್ಟಿತು.

ಮಾತು ಕಲಿಸಿದವನೂ ಅವನೇ. "ಎತ್ತೋಕೆ 'ಎತ್ತು' ಅನ್ನು. ಇಳಿಸೋಕೆ 'ಇಳಿಸು' ಅನ್ನಬೇಡ. ಗಾಳಿಯಲ್ಲಿ 'ನಿಲ್ಲಿಸು' ಅಂದ್ರೂ 'ಇಳಿಸು' ಅಂದ್ರೂ ನನ್ನ ಕಿವಿಗೆ ಬರೋದು ಬರೀ 'ಇಸು'. ಅದಕ್ಕೇ ನಿಲ್ಲಿಸೋಕೆ 'ನಿಲ್ಲು'. ಇಳಿಸೋಕೆ 'ಬಿಡು'. ತಿಳೀತಾ?"

"ತಿಳೀತು. ಬಿಡಿ ಅಣ್ಣ," ಎಂದಳು ಅವಳು.

"ಅಣ್ಣ ಅನ್ನೋದು ಚಹಾ ಕುಡಿಯೋವಾಗ. ವಾಕಿಯಲ್ಲಿ ಬಿಡಿಯೂ ಇಲ್ಲ, ಅಣ್ಣನೂ ಇಲ್ಲ. ಬರೀ 'ಬಿಡು'. ತಲೆ ಮೇಲೆ ಭಾರ ತೂಗ್ತಿರೋವಾಗ ಮರ್ಯಾದೆ ಕೊಡೋಕೆ ಪುರುಸೊತ್ತಿರಲ್ಲ."

ಅಪ್ಪನ ವಯಸ್ಸಿನವನಿಗೆ ಏಕವಚನ ಹಾಕಲು ಅವಳ ನಾಲಿಗೆ ಕೆಲವು ದಿನ ಹೊರಳಲಿಲ್ಲ. ಆಮೇಲೆ ಹೊರಳಿತು. ಇನ್ನೊಂದು ನಿಯಮವಿತ್ತು. ಭಾರ ಚಲಿಸುತ್ತಿರುವಷ್ಟು ಹೊತ್ತೂ ಅವಳು ವಾಕಿಯ ಗುಂಡಿ ಒತ್ತಿ ಹಿಡಿದು "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಲೇ ಇರಬೇಕು. ಅವಳ ದನಿ ನಿಂತರೆ ಅವನ ಕ್ರೇನೂ ನಿಲ್ಲಬೇಕು. ಮಾತೇ ಹಗ್ಗ, ಮಾತೇ ಬ್ರೇಕು.

ಮೊದಲ ಎಡವಟ್ಟು ಬೇಗನೇ ಆಯಿತು. ಕಾಂಕ್ರೀಟಿಗೆ ಅಚ್ಚಾಗಿ ಜೋಡಿಸುವ ಸೆಂಟ್ರಿಂಗ್ ಹಲಗೆಗಳ ಕಟ್ಟೊಂದು ಮೇಲೆ ತೂಗುತ್ತಿತ್ತು. ಪಕ್ಕದಲ್ಲಿ ಹಾದುಹೋಗುತ್ತಿದ್ದ ಹೆಂಗಸೊಬ್ಬಳು ನೀರಿನ ಕೊಡ ಎತ್ತಿಹಾಕಿ ಅಳುಮೋರೆ ಮಾಡಿದಳು. ಸಿಗ್ನಲಕ್ಕ ವಾಕಿಯ ಗುಂಡಿ ಮೇಲಿನ ಹೆಬ್ಬೆರಳು ತೆಗೆಯದೆಯೇ, "ಅಯ್ಯೋ, ಹೋಗ್ಲಿ ಬಿಡು" ಎಂದಳು. ಹಲಗೆಗಳು ಧಡಾರೆಂದು ಕೆಳಗೆ ಬಂದವು. ಅಲ್ಲಿ ನಿಂತಿದ್ದ ಬಡಗಿ ಆಗಷ್ಟೇ ಚಹಾ ಕುಡಿಯಲೆಂದು ಆಚೆ ಸರಿದಿದ್ದ. ಅವನು ಚಹಾದ ಲೋಟ ಹಿಡಿದುಕೊಂಡೇ ಹಲಗೆಗಳನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ. ಮೇಲಿನವನು ಬೈಯಲಿಲ್ಲ. "ನೀನು ಅಂದೆ, ನಾನು ಬಿಟ್ಟೆ" ಎಂದಷ್ಟೇ ಅಂದ. ಬೈದಿದ್ದರೆ ಚೆನ್ನಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳು ಆ ದಿನ ಮನೆಗೆ ಹೋಗುತ್ತ ಒಂದು ತೀರ್ಮಾನಕ್ಕೆ ಬಂದಳು. ಎಲುಬಿಲ್ಲದ ನಾಲಿಗೆಗೆ ಮನೆ ಯಾವುದು, ಕೆಲಸದ ಜಾಗ ಯಾವುದು ಎಂಬ ವಿವೇಚನೆ ಇಲ್ಲ. ಮನೆಯಲ್ಲಿ ಆಡಿದ್ದನ್ನೇ ಅಲ್ಲೂ ಆಡುತ್ತದೆ. ಆದ್ದರಿಂದ ಇನ್ನು ಮೇಲೆ ಬಿಡು, ಬಿಡಿ, ಬಿಡ್ರೀ ಯಾವುದೂ ಬಾಯಿಂದ ಬರಕೂಡದು. ಆ ಮಾತು ಕ್ರೇನಿಗೆ ಮೀಸಲು.

ಮಾತೊಂದನ್ನು ಬಿಡುವುದು ಅಷ್ಟು ಸುಲಭವೇ? ಅದು ಹೋದ ಜಾಗ ಖಾಲಿ ಉಳಿಯುವುದಿಲ್ಲ. ಮಾರನೆಯ ಬೆಳಿಗ್ಗೆ ಅತ್ತೆ, "ಚಹಾ ನೀರು ನೀರಾಗಿದೆ" ಎಂದರು. ಸೊಸೆ ಬಾಯಿ ತೆರೆದಳು, ಮುಚ್ಚಿದಳು. ಹೇಳಬೇಕಾದ ಮಾತು ಕೈಗೆ ಸಿಗದೆ, ಅದರ ಹಿಂದೆ ವರ್ಷಗಟ್ಟಲೆ ಅಡಗಿ ಕೂತಿದ್ದ ಮಾತು ಹೊರಗೆ ಬಂತು. "ನೀರಾಗಿರೋದು ಯಾಕೆ ಅಂದ್ರೆ ಹಾಲನ್ನೆಲ್ಲ ನೀವೇ ಮೊದಲು ಕುಡೀತೀರಿ ಅತ್ತೆ." ಅತ್ತೆಯ ಕೈಯ ಲೋಟ ಅರ್ಧದಲ್ಲೇ ನಿಂತಿತು. ಸೊಸೆಗೂ ತನ್ನ ಬಾಯಿಯ ಬಗ್ಗೆ ಹೆದರಿಕೆಯಾಯಿತು. ಮಧ್ಯಾಹ್ನದ ತನಕ ಅತ್ತೆ ಮುಖ ಊದಿಸಿಕೊಂಡಿದ್ದರು. ಸಂಜೆ ಚಹಾ ಅವರೇ ಮಾಡಿದರು, ಗಟ್ಟಿಯಾಗಿಯೇ ಇತ್ತು.

ಅತ್ತೆಗೆ ಮಂಡಿ ಹಿಡಿದುಕೊಂಡು ಹೊರಗೆ ಓಡಾಟ ನಿಂತಿತ್ತು. ಮಹಡಿಯ ಮೇಲಿನ ಒಂದೇ ಕೋಣೆ, ಅದಕ್ಕೆ ರಸ್ತೆಗೆ ತೆರೆಯುವ ಒಂದು ಕಿಟಕಿ. ಕಿಟಕಿಯ ಆಚೆ ಆ ಕಟ್ಟಡ. ಅವರ ಹಗಲೆಲ್ಲ ಅದನ್ನು ನೋಡುವುದರಲ್ಲೇ ಕಳೆಯುತ್ತಿತ್ತು. ಮೊದಲು ತಗಡಿನ ಬೇಲಿಯ ಮೇಲೆ ಕಂಬಿಗಳ ತುದಿ ಇಣುಕಿದ್ದು, ಆಮೇಲೆ ಎದುರಿನ ನೀರಿನ ಟ್ಯಾಂಕನ್ನು ಹಿಂದೆ ಹಾಕಿದ್ದು, ಆಮೇಲೆ ಕಿಟಕಿಯ ಸಂಜೆ ಬಿಸಿಲನ್ನು ತಿಂದುಹಾಕಿದ್ದು, ಎಲ್ಲಕ್ಕೂ ಅವರೇ ಸಾಕ್ಷಿ. "ನಮ್ಮ ಕಟ್ಟಡ" ಎನ್ನುತ್ತಿದ್ದರು. ಕಟ್ಟಿಸುತ್ತಿದ್ದವರು ಕೇಳಿಸಿಕೊಂಡಿದ್ದರೆ ಗಾಬರಿಯಾಗುತ್ತಿದ್ದರು. ನೆರೆಯವರು ಬಂದರೆ, "ಅಗೋ, ಆ ಕ್ರೇನು ತಿರುಗ್ತಲ್ಲ, ಅದು ನನ್ನ ಸೊಸೆ ಹೇಳಿದ್ದಕ್ಕೆ" ಎಂದು ತೋರಿಸುತ್ತಿದ್ದರು. ಸೊಸೆ ಎದುರಿಗಿದ್ದಾಗ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಕಟ್ಟಡ ಒಂದೊಂದು ಅಂತಸ್ತು ಏರಿದಂತೆ ಅವರಿಗೆ ಹಿಗ್ಗು. ಸೊಸೆಗೆ ಒಂದೊಂದು ಅಂತಸ್ತು ಏರಿದಂತೆ ಹೆದರಿಕೆ. ಯಾಕೆಂದರೆ ಕಂಬಿ ಕಟ್ಟುವವರು ಯಾವಾಗಲೂ ತುತ್ತತುದಿಯ ಅಂತಸ್ತಿನಲ್ಲೇ ಇರುತ್ತಾರೆ. ಕಟ್ಟಡ ಎಷ್ಟು ಬೆಳೆಯಿತೋ ಅವಳ ಗಂಡ ಬೀಳಬಹುದಾದ ಆಳವೂ ಅಷ್ಟೇ ಬೆಳೆಯಿತು.

ಅಂತೂ ಒಂದು ಸಂಜೆ ಕೊಕ್ಕೆಯ ಮಾತು ಬಂದೇ ಬಂತು. ಅವನು ಬೆಲ್ಟನ್ನು ಮೊಳೆಗೆ ನೇತುಹಾಕುತ್ತಿದ್ದ.

"ನಾಳೆಯಿಂದ ಕೊಕ್ಕೆ ಸಿಕ್ಕಿಸ್ಕೊಳ್ಳಿ," ಎಂದಳು.

"ಶುರುವಾಯ್ತಾ? ಇಷ್ಟು ದಿನ ಇಲ್ಲದ್ದು ಈಗೇನು ಬಂತು ನಿನಗೆ?"

"ಇಷ್ಟು ದಿನ ಸುಮ್ಮನಾಗೋಕೆ ಒಂದು ಮಾತಿತ್ತು. ಈಗ ಅದು ನನ್ನ ಹತ್ರ ಇಲ್ಲ."

"ಅಲ್ಲಿ ಎಲ್ಲರಿಗೂ ಹುಕುಂ ಮಾಡಿ ಮಾಡಿ ಈಗ ನನಗೂ ಮಾಡೋಕೆ ಬಂದಿದ್ದೀಯ. ನಾನೇನು ಕ್ರೇನಾ, ನೀನು ಹೇಳಿದ ಕಡೆ ತಿರುಗೋಕೆ?"

"ಕ್ರೇನಾದ್ರೂ ಆಗಿದ್ದಿದ್ರೆ ಚೆನ್ನಾಗಿತ್ತು. ಅದು ಹೇಳಿದ ಮಾತು ಕೇಳುತ್ತೆ. ನೀವು ಒಂದು ದಿನಾನಾದ್ರೂ ನನ್ನ ಮಾತು ಕಿವಿ ಮೇಲೆ ಹಾಕ್ಕೊಂಡಿದ್ದೀರಾ?"

ಆ ದನಿಯಲ್ಲಿ ಗುಟ್ಟಾಗಿ ಜಗಳವಾಡುವುದು ಆಗದ ಮಾತು. ಕೆಳಗಿನ ಅಂಗಡಿಯವನಿಂದ ಹಿಡಿದು ಅವನ ಜೊತೆ ಕಂಬಿ ಕಟ್ಟುವವರವರೆಗೆ ಸುದ್ದಿ ಹೋಯಿತು. ಮಾರನೆಯ ದಿನ ಜೊತೆಗಾರ, "ಏನಣ್ಣ, ನಿನ್ನ ಸಿಗ್ನಲ್ ಕೆಂಪಾಯ್ತಂತೆ" ಎಂದು ಹಲ್ಲು ಕಿರಿದ. ಅವಳ ಗಂಡ ಬೇಕೆಂದೇ ಕೊಕ್ಕೆಯನ್ನು ಇನ್ನೂ ಉದ್ದಕ್ಕೆ ಇಳಿಬಿಟ್ಟುಕೊಂಡು ಓಡಾಡಿದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಹಲವು ಸಲ ಉಂಡು ಮಲಗಿದರೂ ಮುಗಿಯಲಿಲ್ಲ. ಮೂವರೂ ಒಂದೇ ಕೋಣೆಯಲ್ಲಿ ಕೈಯಳತೆಯಲ್ಲಿ ಕೂತಿದ್ದರೂ, "ಅತ್ತೆ, ನಿಮ್ಮ ಮಗನಿಗೆ ಊಟಕ್ಕೆ ಬರೋಕೆ ಹೇಳಿ" ಎಂದು ಅವಳು, "ಅಮ್ಮ, ಹಸಿವಿಲ್ಲ ಅಂತ ಹೇಳು" ಎಂದು ಅವನು. ಅತ್ತೆಗೆ ನಡುವೆ ಕೂತು ಸಾಕಾಗಿ, "ನನಗೂ ಒಂದು ವಾಕಿ ತಂದುಕೊಡಿ" ಎಂದರು. ಯಾರೂ ನಗಲಿಲ್ಲ.

ಹೀಗಿರುವಾಗಲೇ ಒಂದು ಮಧ್ಯಾಹ್ನ ಗಾಳಿ ಎದ್ದಿತ್ತು. ಕೆಳಗೆ ರಸ್ತೆಯಲ್ಲಿ ಅದು ಹೆಂಗಸರ ಸೆರಗು ಹಾರಿಸುವಷ್ಟು ಮಾತ್ರವಿತ್ತು. ಮೇಲಿನ ಸ್ಲ್ಯಾಬಿನಲ್ಲಿ ನಿಂತವರು ಕಾಲು ಅಗಲಿಸಿ ನಿಲ್ಲಬೇಕಾಗಿತ್ತು. "ಗಾಳಿ ಜಾಸ್ತಿಯಾಗ್ತಿದೆ. ಇದೊಂದು ಕಂಬಿ ಕಟ್ಟು ಹಾಕಿ ಸಾಕು ಮಾಡೋಣ" ಎಂದು ಮೇಲಿನವನ ದನಿ ವಾಕಿಯಲ್ಲಿ ಬಂತು. ಅನಾಹುತಗಳಿಗೆ ಈ 'ಇದೊಂದು' ಎಂಬ ಮಾತು ಬಲು ಇಷ್ಟ.

ಸಿಗ್ನಲಕ್ಕ ಸ್ಲ್ಯಾಬಿನ ಮೇಲೆ ಗೋಡೆಯ ಮಗ್ಗುಲಲ್ಲಿ ನಿಂತಿದ್ದಳು. ಆ ಗೋಡೆಯಿಂದಾಗಿ ಮೇಲಿನವನಿಗೆ ಈ ಕಡೆಯದು ಏನೂ ಕಾಣುತ್ತಿರಲಿಲ್ಲ. ಕಂಬಿಯ ಉದ್ದನೆಯ ಕಟ್ಟು ಗೋಡೆಯನ್ನು ದಾಟಿ ತೇಲುತ್ತ ಬಂತು. ಅದರ ಎರಡು ತುದಿಗೂ ಒಂದೊಂದು ಹಗ್ಗ ಇಳಿಬಿದ್ದಿತ್ತು, ಕೆಳಗಿನವರು ಹಿಡಿದು ದಾರಿಗೆ ತರಲೆಂದು. ಒಂದನ್ನು ಜೊತೆಗಾರ ಹಿಡಿದ. ಅಂಚಿನ ಕಡೆಯದನ್ನು ಅವಳ ಗಂಡ ಹಿಡಿದ. ಹಿಡಿದವನು ಜಾರದಿರಲೆಂದು ಅಂಗೈಗೆ ಒಂದು ಸುತ್ತು ಸುತ್ತಿಕೊಂಡ. ಹಾಗೆ ಸುತ್ತಬಾರದೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಸುತ್ತುತ್ತಾರೆ. ಬೆನ್ನ ಹಿಂದೆ ಕೊಕ್ಕೆ ನೇತಾಡುತ್ತಲೇ ಇತ್ತು.

"ಬರ್ಲಿ, ಬರ್ಲಿ, ಬರ್ಲಿ," ಎನ್ನುತ್ತಿದ್ದಳು ಅವಳು. ಕಣ್ಣು ಕೊಕ್ಕೆಯ ಮೇಲಿತ್ತು. ಒಂದು 'ನಿಲ್ಲು' ಎಂದಿದ್ದರೆ ಸಾಕಿತ್ತು. ಭಾರ ನಿಲ್ಲಿಸಿ, ಕೊಕ್ಕೆ ಸಿಕ್ಕಿಸುವ ತನಕ ಮುಂದಕ್ಕೆ ಬಿಡುವುದಿಲ್ಲ ಎನ್ನುವ ಅಧಿಕಾರ ಅವಳಿಗಿತ್ತು. ಆದರೆ ಎಲ್ಲರೆದುರು ಹಾಗೆ ಮಾಡಿದರೆ ಅವನು ಸಂಜೆ ಮನೆಗೆ ಬರುತ್ತಾನೋ ಇಲ್ಲವೋ ಎಂದುಕೊಂಡಳು. ಎಂಥ ಲೆಕ್ಕಾಚಾರ ನೋಡಿ! "ಬರ್ಲಿ, ಬರ್ಲಿ" ಎಂದಳು.

ಆಗ ಗಾಳಿ ಬೀಸಿತು. ಇಷ್ಟು ಹೊತ್ತು ಬೀಸುತ್ತಿದ್ದ ಗಾಳಿಯಲ್ಲ, ಗೋಡೆಯ ಮೂಲೆಯಿಂದ ಒಮ್ಮೆಗೇ ನುಗ್ಗಿ ಬಂದದ್ದು. ಕಂಬಿಯ ಕಟ್ಟು ಸುತ್ತು ಹೊಡೆಯಿತು. ಜೊತೆಗಾರ ಹಗ್ಗ ಕೈಬಿಟ್ಟು ಬೋರಲು ಬಿದ್ದ. ಅವಳ ಗಂಡನ ಕಡೆಯ ತುದಿ ಕಟ್ಟಡದಾಚೆಗೆ, ಬಯಲಿಗೆ, ಹೊರಳಿತು. ಹಗ್ಗ ಬಿಗಿಯಿತು. ಅವನ ಬೂಟುಗಳು ಹಲಗೆಯ ಮೇಲೆ ಜಾರತೊಡಗಿದವು.

ಅವಳ ಹೆಬ್ಬೆರಳು ತಾನಾಗಿ ಗುಂಡಿಯಿಂದ ಎದ್ದಿತು. ದನಿ ನಿಂತಿತು, ದನಿಯ ಜೊತೆ ಕ್ರೇನೂ ನಿಂತಿತು. ಗಾಳಿ ನಿಲ್ಲಲಿಲ್ಲ. ವಾಕಿಯನ್ನು ಎದೆಗೆ ಒತ್ತಿಕೊಂಡು ಬರೀ ಗಂಟಲಿನಲ್ಲಿ ಅವಳು ಕಿರುಚಿದಳು.

"ಬಿಡು!"

ಅವನು ಬಿಡಲಿಲ್ಲ. ಬಿಡುವುದಿರಲಿ, ಮೊಣಕಾಲು ಬಗ್ಗಿಸಿ ಹಿಮ್ಮಡಿ ಊರಿ ಇನ್ನೊಂದು ಕೈಯಲ್ಲೂ ಹಗ್ಗ ಹಿಡಿದ.

"ಬಿಡು! ಬಿಡು!"

ಅವನು ತಲೆಯೆತ್ತಿ ಮೇಲೆ ಭಾರದ ಕಡೆ ನೋಡಿದ. ಹಲ್ಲು ಕಚ್ಚಿ ಇನ್ನೂ ಬಲವಾಗಿ ಜಗ್ಗಿದ. ಒಂದು ಬೂಟು ಅಂಚಿನ ಪಟ್ಟಿಗೆ ತಾಗಿತು. ಸಾಯುವ ಹೊತ್ತಿನಲ್ಲೂ ಇವನಿಗೆ ಹಟವೇ ಎಂದು ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟು ಅಲ್ಲೇ ಕರಗಿ ಹೆದರಿಕೆಯಷ್ಟೇ ಉಳಿಯಿತು. ಜೀವ ಬಾಯಿಗೆ ಬಂತು. ಬಾಯಿಗೆ ಬಂದದ್ದು, ಮದುವೆಯಾದಂದಿನಿಂದ ಅವನನ್ನು ಕರೆಯುತ್ತಿದ್ದ ಆ ಒಂದಕ್ಷರ.

"ರೀ!"

ಅವನು ತಟ್ಟನೆ ಅವಳತ್ತ ತಿರುಗಿದ.

"ರೀ, ಕೈ ಬಿಚ್ರೀ!"

ಬಿಚ್ಚಿದ. ಹಗ್ಗ ಅಂಗೈಯ ಚರ್ಮವನ್ನು ಕಿತ್ತುಕೊಂಡು ಹಾರಿಹೋಯಿತು. ಅವನು ಹಿಂದಕ್ಕೆ ಕುಕ್ಕರಿಸಿ ಬಿದ್ದ. ಒಂದು ಕಾಲು ಮೊಣಕಾಲಿನವರೆಗೆ ಅಂಚಿನಾಚೆಗೆ ಇಳಿಬಿದ್ದಿತ್ತು. ಜೊತೆಗಾರ ತೆವಳುತ್ತ ಬಂದು ಅವನ ಅಂಗಿಯ ಕಾಲರಿಗೆ ಕೈ ಹಾಕಿ ಒಳಗೆಳೆದ.

ಓಡಿಹೋಗಬೇಕಿತ್ತು ಅವಳು. ಯಾವ ಹೆಂಡತಿಯಾದರೂ ಓಡುತ್ತಿದ್ದಳು. ಆದರೆ ಕಂಬಿಯ ಕಟ್ಟು ಇನ್ನೂ ಗಾಳಿಯಲ್ಲೇ ಇತ್ತು, ಹಿಡಿಯುವವರಿಲ್ಲದೆ ಎರಡೂ ಕಡೆ ತೊನೆಯುತ್ತ. ಕೆಳಗಿನ ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಸ್ಲ್ಯಾಬಿನ ಮೇಲೆ ಅವನೂ ಸೇರಿ ಎಲ್ಲರೂ ಅದರ ಅಡಿಯಲ್ಲೇ. ಅವಳ ದನಿ ಇಲ್ಲದೆ ಅದು ಅಲುಗುವಂತಿಲ್ಲ.

"ಏನಾಯ್ತು? ಮಾತಾಡು," ಎಂದ ಮೇಲಿನವನು. ಆ ಗಾಳಿಯಲ್ಲಿ ಅವಳ ಕೂಗು ಅವನವರೆಗೆ ಮುಟ್ಟಿರಲಿಲ್ಲ.

ಅವಳು ಗಂಡನ ಕಡೆ ಬೆನ್ನು ಹಾಕಿ ನಿಂತಳು. ನೋಡಿದರೆ ಮಾತು ಹೊರಡುವುದಿಲ್ಲ ಎಂದು ಗೊತ್ತಿತ್ತು. ಗುಂಡಿ ಒತ್ತಿದಳು. "ನಿಲ್ಲು. ನಿಂತಿರು." ತೊನೆಯುವುದು ಕಡಿಮೆಯಾಗುವ ತನಕ ಕಾದಳು. "ಎತ್ತು. ಇನ್ನೂ ಎತ್ತು. ಎಡಕ್ಕೆ ಬರ್ಲಿ, ಬರ್ಲಿ, ಬರ್ಲಿ." ಜೊತೆಗಾರ ಎದ್ದು ಹಗ್ಗ ಹಿಡಿದ, ಈ ಸಲ ಸುತ್ತಿಕೊಳ್ಳದೆ. ಭಾರ ಒಳಕ್ಕೆ ಬಂತು, ನೇರವಾಯಿತು, ಜನ ಸರಿದ ಜಾಗದ ಮೇಲೆ ಬಂದು ನಿಂತಿತು. ಇಳಿಸಲು ಹೇಳಬೇಕಾದ ಮಾತು ಮಾತ್ರ ಅವಳ ನಾಲಿಗೆಯಲ್ಲಿ ಸಿಕ್ಕಿಹಾಕಿಕೊಂಡಿತು. ಉಗುಳು ನುಂಗಿ ಅದನ್ನೂ ಹೇಳಿದಳು. ಕಂಬಿಗಳು ಹಲಗೆಯ ಮೇಲೆ ಸದ್ದಿಲ್ಲದೆ ಕೂತವು. ದನಿ ಒಂದಿಷ್ಟೂ ನಡುಗಿರಲಿಲ್ಲ, ಇಷ್ಟೆಲ್ಲ ಆಗಿದೆ ಎಂದು ತನಗೆ ಗೊತ್ತೇ ಆಗಲಿಲ್ಲ ಎಂದು ಮೇಲಿನವನು ಆಮೇಲೆ ಎಲ್ಲರ ಬಳಿ ಹೇಳಿದ.

ವಾಕಿಯನ್ನು ಜೊತೆಗಾರನ ಕೈಗೆ ತುರುಕಿ ಅವಳು ಗಂಡನ ಬಳಿ ಹೋದಳು. ಅವನು ಗೋಡೆಗೆ ಒರಗಿ ಕೂತಿದ್ದ. ಅಂಗೈ ಹಸಿಮಾಂಸವಾಗಿತ್ತು. ಅವಳು ದುಪಟ್ಟಾದ ತುದಿ ಹರಿದು ಕೈಗೆ ಸುತ್ತತೊಡಗಿದಳು. ಸುತ್ತುತ್ತ ಸುತ್ತುತ್ತ ಸಿಟ್ಟು ಮತ್ತೆ ಏರಿಬಂತು.

"ಅಷ್ಟು ಕೂಗಿದೆ. ಬಿಡು ಬಿಡು ಅಂತ ಗಂಟಲು ಹರ್ಕೊಂಡೆ. ಯಾಕೆ ಬಿಡ್ಲಿಲ್ಲ ನೀವು? ಆ ಹೊತ್ತಲ್ಲೂ ನನ್ನ ಮೇಲೆ ಹಟಾನಾ?"

ಅವನು ಅರ್ಥವಾಗದವನಂತೆ ಅವಳ ಮುಖ ನೋಡಿದ. "ಅದು ನನಗೆ ಹೇಳಿದ್ದಾ?"

"ಮತ್ತಿನ್ಯಾರಿಗೆ?"

"ನನಗೆ ಯಾವತ್ತು ನೀನು 'ಬಿಡು' ಅಂದಿದ್ದೀಯ? ಅಂದ್ರೂ 'ಬಿಡ್ರೀ' ಅಂತೀಯ. ಅದನ್ನೂ ಅಂದು ಎಷ್ಟು ಕಾಲ ಆಯ್ತು." ಅವನು ಕಂಬಿಯ ಕಟ್ಟಿನ ಕಡೆ ಗದ್ದ ಚಾಚಿ ತೋರಿಸಿದ. "ಮೇಲಿನವನಿಗೆ ಹೇಳ್ತಿದ್ದೀಯ ಅಂದ್ಕೊಂಡೆ. ಈಗ ಭಾರ ಇಳಿಯುತ್ತೆ, ಇಳಿಯೋವಾಗ ನಾನು ಹಗ್ಗ ಸಡಿಲ ಮಾಡಿದ್ರೆ ಆ ತುದಿ ತಿರುಗಿ ನಿನಗೇ ಬಡಿಯುತ್ತೆ. ನೀನು ಗೋಡೆ ಹತ್ರ ನಿಂತಿದ್ದೆ, ನಿನಗೆ ಹಿಂದೆ ಸರಿಯೋಕೆ ಜಾಗಾನೇ ಇರ್ಲಿಲ್ಲ. ಅದಕ್ಕೇ ಗಟ್ಟಿಯಾಗಿ ಹಿಡ್ಕೊಂಡೆ."

ಬಟ್ಟೆ ಸುತ್ತುತ್ತಿದ್ದ ಅವಳ ಕೈ ನಿಂತಿತು. ಇವನು ತನ್ನ ಮಾತು ಕೇಳುವುದಿಲ್ಲ ಎಂದು ಅಷ್ಟು ದಿನ ಮುನಿಸಿಕೊಂಡು ಉಣ್ಣಲೂ ನೇರವಾಗಿ ಕರೆಯದೆ ಇದ್ದಳು. ಅವನು ಕೇಳಿದ್ದ. ಅವಳು ಹೇಳಿದ ಹಾಗೆಯೇ ಕೇಳಿ, ಅವಳಿಗಾಗಿಯೇ ಹಗ್ಗ ಹಿಡಿದುಕೊಂಡು, ಅಂಚಿನವರೆಗೆ ಹೋಗಿದ್ದ. ಅವಳು ಏನೋ ಹೇಳಲು ಹೋದಳು. ಮಾತಿನ ಬದಲು ಅಳು ಬಂತು. ಅವಳ ಅಳುವಾದರೂ ಸಣ್ಣದೇ? ಕೆಳಗಿನ ಅಂತಸ್ತುಗಳಲ್ಲಿ ಬಡಗಿಗಳ ಸುತ್ತಿಗೆಗಳು ಒಂದೊಂದಾಗಿ ಸುಮ್ಮನಾದವು.

"ಅಳಬೇಡ ಕಣೇ," ಎಂದ ಅವನು, ಸುತ್ತ ಕಣ್ಣಾಡಿಸಿ, ದನಿ ತಗ್ಗಿಸಿ. "ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ," ಎಂದಳು.